ಎಡಗಡೆಯ ನಟ್ಟು

ಜೂನ್ 3, ಸೋಮವಾರ

ನಿಂತ ಮೋಟಾರ್ ಸೈಕಲ್ಲಿನಿಂದ ಬಿದ್ದು ಎರಡೂ ಮುಂಗೈ ಮುರಿದುಕೊಂಡವರು ಈ ಊರಿನಲ್ಲಿ ನಮ್ಮ ಯಜಮಾನರೊಬ್ಬರೇ ಇರಬೇಕು. ಅದು ನಿಂತದ್ದೂ ರಸ್ತೆಯಲ್ಲಲ್ಲ, ಮೊದಲನೇ ಮಹಡಿಯ ನಮ್ಮ ನಡುಮನೆಯಲ್ಲಿ. ಶನಿವಾರ ಬೆಳಿಗ್ಗೆ ನಾಲ್ಕು ಜನ ಹಮಾಲರು ಹೊತ್ತು ತಂದು ಇಳಿಸಿ, ಬೆವರು ಒರೆಸಿಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಇವರು ಹತ್ತಿ ಕಿಕ್ಕರ್ ಮೇಲೆ ಎರಡೂ ಕಾಲಿಟ್ಟು ಹಾರಿದರು. ರಿಪೇರಿ ಮಾಡುತ್ತೇನೆಂದು ಇವರು ಕೊಂಡದ್ದು ಹನ್ನೆರಡು ವರ್ಷ ಯಾರದೋ ಹಿತ್ತಲಲ್ಲಿ ತುಕ್ಕು ತಿಂದ ಗಾಡಿ. ಎಂಜಿನ್ನಿನೊಳಗೆ ಪಿಸ್ಟನ್ ಕಲ್ಲಿನಂತೆ ಕಚ್ಚಿಕೊಂಡಿದೆ. ಕಿಕ್ಕರ್ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಇವರು ಅಲ್ಲಾಡಿದರು.

ಆಸ್ಪತ್ರೆಯ ಗುಮಾಸ್ತ ಅಪಘಾತದ ಫಾರಂ ಕೊಟ್ಟ. ‘ವಾಹನದ ವೇಗ’ ಎಂಬ ಖಾನೆಯನ್ನು ಖಾಲಿ ಬಿಡುವಂತಿಲ್ಲವಂತೆ. ಸೊನ್ನೆ ಎಂದು ಬರೆದೆ. ‘ಡಿಕ್ಕಿ ಯಾವುದಕ್ಕೆ’ ಎಂಬಲ್ಲಿ ಅಡುಗೆಮನೆಯ ಬಾಗಿಲು ಎಂದು ಬರೆದೆ. ಅವನು ಗಂಭೀರವಾಗಿ ಓದಿ, ಬಾಗಿಲು ಯಾವ ಕಡೆಯಿಂದ ಬರುತ್ತಿತ್ತು ಎಂದು ಕೇಳಿದ.

ಆರು ವಾರ ಪ್ಲಾಸ್ಟರ್. ಮೊಣಕೈಯಿಂದ ಬೆರಳ ತುದಿಯವರೆಗೆ ಎರಡೂ ಕೈ. ಉಣ್ಣಿಸುವುದು, ಸ್ನಾನ ಮಾಡಿಸುವುದು, ಮೂಗು ತುರಿಸುವುದು ನನ್ನ ಪಾಲಿಗೆ.

ಇದನ್ನು ಬರೆದಿಡುವುದಕ್ಕೆ ಕಾರಣವಿದೆ. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಇವರಿಗೆ ಒಂದು ಮಾತು ಹೇಳುವವಳಿದ್ದೆ. ಅಕ್ಕನ ಊರಿನ ದೊಡ್ಡ ಅಚ್ಚುಕೂಟದಲ್ಲಿ ಮುಖ್ಯ ಕರಡು ತಿದ್ದುವವಳ ಕೆಲಸ ನನಗೆ ಸಿಕ್ಕಿದೆ. ಅಕ್ಕನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ನಾನು ಹೊರಡುತ್ತೇನೆ, ನೀವು ಇಲ್ಲೇ ಇರಿ. ಇಷ್ಟೇ ಮಾತು. ಕನ್ನಡಿಯ ಮುಂದೆ ನಾಲ್ಕು ಸಲ ತಿದ್ದಿ ಒಪ್ಪ ಮಾಡಿಟ್ಟುಕೊಂಡಿದ್ದೆ. ಎರಡೂ ಕೈ ಮುರಿದವರ ಮುಂದೆ ಹೇಗೆ ಹೇಳುವುದು?

ಇವರು ಕೆಟ್ಟವರಲ್ಲ. ಅರ್ಧದವರು. ನೀರಿನ ಕಚೇರಿಯ ಕೆಲಸ ಮುಗಿಸಿ ಬಂದು ಏನಾದರೊಂದು ಶುರು ಮಾಡುತ್ತಾರೆ. ನಮ್ಮ ಕಪಾಟಿಗೆ ಬಾಗಿಲಿಲ್ಲ. ಗಡಿಯಾರಕ್ಕೆ ಮುಳ್ಳಿಲ್ಲ. ಮಲಗುವ ಕೋಣೆಯ ಗೋಡೆ ಸೊಂಟದವರೆಗೆ ಹಸಿರು, ಮೇಲೆ ಸುಣ್ಣ. ಇಪ್ಪತ್ತಾರು ವರ್ಷದಿಂದ ಅರ್ಧ ಮನೆಯಲ್ಲಿ ವಾಸ ಮಾಡಿದ್ದೇನೆ, ಸಾಕಾಗಿದೆ.

ಜೂನ್ 5, ಬುಧವಾರ

ಗಾಡಿ ನಿಂತಿರುವುದು ಸರಿಯಾಗಿ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ. ಅಡುಗೆಮನೆಗೆ ಹೋಗಬೇಕಾದರೆ ಸೀಟು ಹತ್ತಿ ಆ ಕಡೆ ಇಳಿಯಬೇಕು. ಅತ್ತೆಗೆ ಎಪ್ಪತ್ತೆಂಟು ವರ್ಷ, ಮಂಡಿನೋವು, ಕಿವಿ ಮಂದ. ಆದರೂ ಎರಡೇ ದಿನದಲ್ಲಿ ಕಲಿತುಬಿಟ್ಟರು. ಹತ್ತಿ, ಹಿಂದಿನ ಸೀಟಿನಲ್ಲಿ ಕೂತು, ಸ್ವಲ್ಪ ಸುಧಾರಿಸಿಕೊಂಡು, ಆ ಕಡೆ ಕಾಲು ಹಾಕುತ್ತಾರೆ. ಇವತ್ತು ಅಲ್ಲೇ ಕೂತು ಅವರೆಕಾಯಿ ಬಿಡಿಸಿದರು. ಗಾಡಿಯನ್ನು ನೆಂಟ ಎನ್ನುತ್ತಾರೆ. ನೆಂಟ ಎಷ್ಟು ದಿನ ಇರುತ್ತಾನೆ ಎಂದು ನನ್ನನ್ನು ಕೇಳಿದರು.

ಹಮಾಲರಿಗೆ ಹೇಳಿ ಕಳಿಸಿದೆ. ಹಿಂದಿನ ಚಕ್ರ ಉರುಳುವ ಹಾಗಿದ್ದರೆ ಮಾತ್ರ ಬರುತ್ತಾರಂತೆ. ಉರುಳದ ಗಾಡಿಯನ್ನು ಹೊತ್ತು ಒಬ್ಬನ ಸೊಂಟ ಹಿಡಿದಿದೆಯಂತೆ.

ಆದ್ದರಿಂದ ಚಕ್ರವನ್ನು ನಾನೇ ಸಡಿಲ ಮಾಡಬೇಕು. ಗಾಡಿ ಸರಿಮಾಡುವ ಉದ್ದೇಶ ನನಗಿಲ್ಲ. ಅಡುಗೆಮನೆಗೆ ದಾರಿ ಬೇಕು, ಅಷ್ಟೇ.

ಜೂನ್ 8, ಶನಿವಾರ

ಚಕ್ರ ಬರಬೇಕಾದರೆ ಅದರ ನಡುವೆ ತೂರಿರುವ ಅಚ್ಚು ಬರಬೇಕು. ಅಚ್ಚು ಬರಬೇಕಾದರೆ ಎಡಗಡೆಯ ನಟ್ಟು ಬಿಚ್ಚಬೇಕು. ಇಷ್ಟನ್ನು ಇವರು ದಿಂಬಿಗೆ ಒರಗಿಕೊಂಡು ಪ್ಲಾಸ್ಟರಿನ ಕೈಯಿಂದ ತೋರಿಸಿ ಹೇಳಿದರು. ಇಷ್ಟು ವರ್ಷ ಅಚ್ಚಿನ ಮನೆಯಲ್ಲೇ ದುಡಿದಿದ್ದೇನೆ, ಇಂಥ ಅಚ್ಚು ನೋಡಿರಲಿಲ್ಲ.

ಪಾನಾ ಹಾಕಿ ತಿರುಗಿಸಿದೆ. ಜಗ್ಗಲಿಲ್ಲ. ಪಾನಾದ ತುದಿಗೆ ಸುತ್ತಿಗೆಯಿಂದ ಹೊಡೆದೆ. ಐದನೇ ಏಟಿಗೆ ಕೆಳಮನೆಯ ಹಲ್ಲಿನ ಡಾಕ್ಟರು ಮುಖಕ್ಕೆ ಕಟ್ಟಿದ ಮಾಸ್ಕಿನಲ್ಲೇ ಮೇಲೆ ಬಂದರು. ಅವರ ಚಿಕಿತ್ಸಾಲಯ ನೆಟ್ಟಗೆ ನಮ್ಮ ನಡುಮನೆಯ ಕೆಳಗೆ. ಬಂದಿದ್ದ ಮೂವರು ರೋಗಿಗಳಲ್ಲಿ ಸುತ್ತಿಗೆ ಸದ್ದು ಕೇಳಿ ಇಬ್ಬರು ಎದ್ದು ಹೋದರಂತೆ. ಮೂರನೆಯವರು ಕುರ್ಚಿಯಲ್ಲೇ ಇದ್ದರು, ಓಡಲಾಗಲಿಲ್ಲ. ನಾನು ಕ್ಷಮೆ ಕೇಳಿದೆ. ಅವರು ಹೋಗುವಾಗ ನಟ್ಟಿನ ಕಡೆ ಒಂದು ಸಲ ತಿರುಗಿ ನೋಡಿದರು.

ಜೂನ್ 11, ಮಂಗಳವಾರ

ಬ್ರೇಕಿನ ತಟ್ಟೆ ಹಿಡಿದಿದ್ದ ಸಣ್ಣ ಬೋಲ್ಟಿನ ತಲೆ ಮುರಿದು ಕೈಗೆ ಬಂತು. ಮೈ ಒಳಗೇ ಉಳಿಯಿತು. ನಾನು ನೆಲದ ಮೇಲೆ ಕೂತು ಸ್ವಲ್ಪ ಅತ್ತುಬಿಟ್ಟೆ. ಅಳುವ ಸದ್ದಿಗೂ ಡಾಕ್ಟರು ಬಂದರು. ಬೈಯಲಿಕ್ಕೇ ಬಂದದ್ದು. ಆದರೆ ಮುರಿದ ಜಾಗ ನೋಡಿದವರೇ ಮಂಡಿಯೂರಿ ಕೂತರು. ಜೇಬಿನಿಂದ ಪುಟ್ಟ ಕನ್ನಡಿ ತೆಗೆದರು.

“ಬೇರು ಒಳಗೇ ಇದೆ,” ಅಂದರು. “ಒರಟಾಗಿ ಎಳೀಬಾರ್ದು, ಮೇಡಂ. ಸುತ್ತಲೂ ಬಿಡಿಸಿಕೊಳ್ಳಬೇಕು.”

ಊಟದ ಬಿಡುವಿನಲ್ಲಿ ತಮ್ಮ ಸಣ್ಣ ಡ್ರಿಲ್ಲು, ಇಕ್ಕಳ, ತಲೆಗೆ ಕಟ್ಟುವ ದೀಪ ಎಲ್ಲ ತಂದರು. ಬೋಲ್ಟಿನ ನಡುವೆ ತೂತು ಕೊರೆದು, ಅದರಲ್ಲಿ ಏನೋ ಕೊಕ್ಕೆ ಸಿಕ್ಕಿಸಿ, ಮುಕ್ಕಾಲು ಗಂಟೆಯಲ್ಲಿ ಹೊರಗೆ ತೆಗೆದರು. ಅಭ್ಯಾಸಬಲದಿಂದ ತೂತಿಗೆ ಹತ್ತಿ ತುರುಕಿ, ಅರ್ಧ ಗಂಟೆ ಏನೂ ತಾಗಿಸಬೇಡಿ ಎಂದು ಹೇಳಿ ಹೋದರು.

ಈಗ ನಮಗೆ ಒಪ್ಪಂದವಾಗಿದೆ. ಅವರು ಪೊರಕೆಯ ಹಿಡಿಯಿಂದ ತಮ್ಮ ಚಾವಣಿಗೆ ಒಂದು ಸಲ ತಟ್ಟಿದರೆ ನಾನು ಸುಮ್ಮನಿರಬೇಕು. ಎರಡು ಸಲ ತಟ್ಟಿದರೆ ಹೊಡೆಯಬಹುದು.

ಜೂನ್ 13, ಗುರುವಾರ

ಎರಡು ತಟ್ಟು ಕೇಳಿ ಹೊಡೆದೆ. ಆಮೇಲೆ ತಿಳಿಯಿತು, ಡಾಕ್ಟರ ಪೊರಕೆ ಜಾರಿ ಗೋಡೆಗೆ ತಾಗಿದ್ದು ಎರಡನೇ ತಟ್ಟು. ಕುರ್ಚಿಯಲ್ಲಿದ್ದ ಅಜ್ಜ ಬೆಚ್ಚಿಬಿದ್ದ ರಭಸಕ್ಕೆ, ಇಕ್ಕಳದಲ್ಲಿ ಹಿಡಿದಿದ್ದ ದವಡೆ ಹಲ್ಲು ತಾನಾಗಿ ಬಂದುಬಿಟ್ಟಿತಂತೆ. ನೋವೇ ಆಗಲಿಲ್ಲವಂತೆ. ಬೇಕಾದಾಗ ಹೀಗೆ ಒಂದೊಂದು ಏಟು ಹೊಡೆಯಲು ಸಾಧ್ಯವೇ ಎಂದು ಡಾಕ್ಟರು ವಿಚಾರಿಸಿದರು. ಮೂರು ತಟ್ಟು ತಟ್ಟುತ್ತಾರೆ. ಒಪ್ಪಿಕೊಂಡೆ. ಅವರು ಬೋಲ್ಟು ತೆಗೆದುಕೊಟ್ಟಿದ್ದಾರಲ್ಲ.

ನಟ್ಟು ಹಾಗೇ ಇದೆ.

ಜೂನ್ 17, ಸೋಮವಾರ

ಸೀಮೆಎಣ್ಣೆಯಲ್ಲಿ ನೆನೆಸಿದೆ. ಡೀಸೆಲ್ ಹಚ್ಚಿದೆ. ಬ್ಲೋ ಲ್ಯಾಂಪಿನಿಂದ ಕಾಯಿಸಿ, ಮೇಣದ ಬತ್ತಿ ಕರಗಿಸಿ ಬಿಟ್ಟೆ. ಅತ್ತೆ ನನಗೆ ಗೊತ್ತಿಲ್ಲದ ಹಾಗೆ ತಮ್ಮ ಮಂಡಿ ಎಣ್ಣೆಯನ್ನೂ ಹಚ್ಚಿ ಬಟ್ಟೆ ಸುತ್ತಿದ್ದಾರೆ. ಅದಕ್ಕೂ ವಯಸ್ಸಾಗಿದೆಯಲ್ಲ ಎಂದರು.

ಗಾಡಿಯ ಜೊತೆ ಹಳೆಯ ಕೈಪಿಡಿಯೊಂದು ಬಂದಿದೆ. ಯಾರೋ ಅವಸರದಲ್ಲಿ ಕನ್ನಡಕ್ಕೆ ತಂದದ್ದು. ಎಷ್ಟು ತಪ್ಪು! ಪಿಸ್ಟನ್ ಎಂದು ಇರಬೇಕಾದ ಕಡೆಯೆಲ್ಲ ಪಿಸ್ತೂಲ್ ಎಂದಿದೆ. ‘ಪಿಸ್ತೂಲನ್ನು ಮೂರು ದಿನ ಎಣ್ಣೆಯಲ್ಲಿ ನೆನೆಸಿ, ನಂತರ ತಲೆಯ ಮೇಲೆ ಮೆಲ್ಲಗೆ ಹೊಡೆಯಿರಿ.’ ತಡೆಯಲಾಗಲಿಲ್ಲ, ಕೆಂಪು ಪೆನ್ನು ಹಿಡಿದು ಕೂತು ಇಡೀ ಪುಸ್ತಕ ತಿದ್ದಿದೆ. ಹದಿನೇಳನೇ ಪುಟದಲ್ಲಿ, ಹಿಂಚಕ್ರದ ಎಡಗಡೆಯ ನಟ್ಟು ಬಿಚ್ಚಲು ಬಲಕ್ಕೆ ತಿರುಗಿಸಿ ಎಂದು ಅಚ್ಚಾಗಿತ್ತು. ಬಲಕ್ಕೆ ತಿರುಗಿಸಿದರೆ ನಟ್ಟು ಬಿಗಿಯುತ್ತದೆ ಎಂದು ಎಳೆಮಕ್ಕಳಿಗೂ ಗೊತ್ತು. ‘ಎಡಕ್ಕೆ’ ಎಂದು ತಿದ್ದಿದೆ. ಇವರಿಗೂ ತೋರಿಸಿದೆ. ತುಂಬ ಹೊತ್ತು ನೋಡಿ, ನಿನ್ನ ಕಣ್ಣು ಸೂಕ್ಷ್ಮ ಎಂದರು.

ಜೂನ್ 20, ಗುರುವಾರ

ಪಾನಾಕ್ಕೆ ಐದು ಅಡಿಯ ಕಬ್ಬಿಣದ ಪೈಪು ಸಿಕ್ಕಿಸಿ, ನಾನೊಂದು ಕಡೆ ಡಾಕ್ಟರೊಂದು ಕಡೆ ಜೋತುಬಿದ್ದೆವು. ಪಾನಾ ಬಾಗಿತು. ಡಾಕ್ಟರ ಅಂಗಿ ಕಂಕುಳಲ್ಲಿ ಹರಿಯಿತು. ನಟ್ಟು ಮಾತ್ರ ಮೊದಲಿಗಿಂತ ಬಿಗಿಯಾದಂತೆ ನನಗನ್ನಿಸಿತು. ಇವರು ಮಂಚದ ಮೇಲಿಂದ ನೋಡುತ್ತಲೇ ಇದ್ದರು. ಸಾಮಾನ್ಯವಾಗಿ ಎಲ್ಲದಕ್ಕೂ ಸಲಹೆ ಕೊಡುವವರು ಈ ನಟ್ಟಿನ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಊಟ ಮಾಡಿಸುವಾಗ ಮಾತ್ರ ಬಿಡುತ್ತಾರೆ.

ಇವತ್ತು ಇಲ್ಲಿನ ನಮ್ಮ ಅಚ್ಚುಕೂಟಕ್ಕೆ ಕರಡು ಹಿಂತಿರುಗಿಸಲು ಹೋದಾಗ ಮೇಲ್ವಿಚಾರಕರು ಹಾಳೆಯ ಅಂಚಿನ ಕಪ್ಪು ಹೆಬ್ಬೆರಳ ಗುರುತು ನೋಡಿ ಇದು ಯಾವ ಚಿಹ್ನೆ ಎಂದು ಕೇಳಿದರು.

ಜೂನ್ 24, ಸೋಮವಾರ

ಇವತ್ತಿನದನ್ನು ಸಾವಧಾನವಾಗಿ ಬರೆಯಬೇಕು.

ನಟ್ಟನ್ನು ಅಚ್ಚಿನ ಸಮೇತ ಕುಯ್ದು ಹಾಕುವುದೆಂದು ತೀರ್ಮಾನಿಸಿ ಲೇತ್ ಅಂಗಡಿಯಿಂದ ಕತ್ತರಿಸುವ ಮೆಷಿನ್ ತಂದಿದ್ದೆ. ಕನ್ನಡಕ ಹಾಕಿಕೊಂಡೆ. ಅತ್ತೆಯನ್ನು ಹಿಂದಿನ ಸೀಟಿನಿಂದ ಇಳಿಸಿದೆ. ಸ್ವಿಚ್ಚಿಗೆ ಕೈ ಹಾಕುವಾಗ ಇವರು ಮಂಚದಿಂದ ಎದ್ದು ಬಂದು ಚಕ್ರದ ಮುಂದೆ ಕೂತರು.

“ಕುಯ್ಯಬೇಡ. ಬಲಕ್ಕೆ ತಿರುಗಿಸು,” ಅಂದರು.

ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದಲ್ಲ ಎಂದೆ. ಅದು ಉಲ್ಟಾ ಥ್ರೆಡ್ಡಿನ ನಟ್ಟು, ಈ ಗಾಡಿಯಲ್ಲಿ ಎಡಗಡೆಯದಷ್ಟೇ ಹಾಗೆ, ಪುಸ್ತಕದಲ್ಲಿದ್ದದ್ದೇ ಸರಿ ಎಂದರು. ಅಂದರೆ ಜೂನ್ ಎಂಟರಿಂದ ಇವತ್ತಿನವರೆಗೆ, ಐದಡಿ ಪೈಪು ಹಾಕಿ, ಡಾಕ್ಟರನ್ನೂ ಕರೆದು, ನಾನು ಆ ನಟ್ಟನ್ನು ಬಿಗಿಯುತ್ತಿದ್ದೆ.

“ಯಾವಾಗಿಂದ ಗೊತ್ತು ನಿಮಗೆ?”

“ಮೊದಲಿಂದ.”

“ನಾನು ಪುಸ್ತಕ ತಿದ್ದಿ ತೋರಿಸಿದಾಗಲೂ?”

“ಹೂಂ.” ನೆಲ ನೋಡುತ್ತ ಹೇಳಿದರು. “ನಿನಗೆ ನಿನ್ನ ಅಕ್ಕನ ಊರಿನ ಅಚ್ಚುಕೂಟದಿಂದ ಕಾರ್ಡು ಬಂದಿತ್ತು. ಜುಲೈ ಒಂದಕ್ಕೆ ಕೆಲಸಕ್ಕೆ ಬನ್ನಿ ಅಂತ. ಚಕ್ರ ಉರುಳಿದ್ರೆ ಗಾಡಿ ಹೋಗತ್ತೆ. ಗಾಡಿ ಹೋದ್ರೆ ಮನೆ ಸರಿಯಾಗತ್ತೆ. ಮನೆ ಸರಿಯಾದ್ರೆ ನೀನು ಹೊರಡ್ತೀಯ.”

ಕಾರ್ಡು ನಾಲ್ಕನೇ ತಾರೀಕೇ ಬಂದಿತ್ತಂತೆ, ನಾನು ಹೊರಗೆ ಹೋಗಿದ್ದಾಗ. ಅಂಚೆಯವರು ಕೆಳಗೆ ಡಾಕ್ಟರ ಕೈಗೆ ಕೊಟ್ಟಿದ್ದಾರೆ. ಡಾಕ್ಟರು ಮೆಟ್ಟಿಲ ಹತ್ತಿರ ನಿಂತು ಅತ್ತೆಗೆ ಓದಿ ಹೇಳಿದ್ದಾರೆ. ಅತ್ತೆಗೆ ಕಿವಿ ಮಂದ. ಆದ್ದರಿಂದ ಜೋರಾಗಿ, ಎರಡು ಸಲ ಓದಿದ್ದಾರೆ. ಒಟ್ಟಿನಲ್ಲಿ ನಾನು ಗಂಡನನ್ನು ಬಿಟ್ಟು ಹೋಗುತ್ತಿರುವ ಸಂಗತಿ ಇವರಿಗೆ, ಅತ್ತೆಗೆ, ಡಾಕ್ಟರಿಗೆ, ಅವತ್ತು ಬಾಯಿ ತೆರೆದು ಕೂತಿದ್ದ ರೋಗಿಗಳಿಗೆಲ್ಲ ಮೂರು ವಾರದಿಂದ ಗೊತ್ತು. ಗುಟ್ಟಾಗಿ ಇಟ್ಟುಕೊಂಡಿದ್ದವಳು ನಾನೊಬ್ಬಳೇ.

ಪಾನಾ ಹಾಕಿ ಬಲಕ್ಕೆ ತಿರುಗಿಸಿದೆ. ನಾವೇ ಬಿಗಿದದ್ದಕ್ಕೆ ಸ್ವಲ್ಪ ಹಟ ಮಾಡಿತು. ಆಮೇಲೆ ಕಿರ್ ಎಂದು ಒಂದು ಸಲ ಕೂಗಿ ಬಿಟ್ಟುಕೊಟ್ಟಿತು.

ಜೂನ್ 25, ಮಂಗಳವಾರ

ಇವರ ಜೊತೆ ಮಾತು ಬಿಟ್ಟಿದ್ದೇನೆ. ಮಾತು ಬಿಟ್ಟವರಿಗೆ ತುತ್ತು ಕೊಡುವುದು ಬಲು ಕಷ್ಟ. ಬಾಯಿ ತೆರೆಯಿರಿ ಎನ್ನಲೇಬೇಕು. ಅದನ್ನು ಮಾತು ಎಂದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಜೂನ್ 26, ಬುಧವಾರ

ಮಾತಿಲ್ಲ. ಚಕ್ರ ಹೊರಬಂತು.

ಜೂನ್ 28, ಶುಕ್ರವಾರ

ಚಕ್ರ ಉಜ್ಜಿ, ಗ್ರೀಸ್ ಹಚ್ಚಿ, ಮತ್ತೆ ಕೂರಿಸಿದೆ. ಕ್ಲಚ್ಚು ಅದುಮಿದರೆ ಒಂದು ಬೆರಳಿನಿಂದ ತಳ್ಳಿದರೂ ಉರುಳುತ್ತದೆ. ಹಮಾಲರು ಬಂದರು. ಮುಂದಿನ ವಾರ ಬನ್ನಿ ಎಂದು ಕಳಿಸಿದೆ. ಪಿಸ್ಟನ್ ಕಚ್ಚಿಕೊಂಡಿರುವ ಎಂಜಿನ್ ಮೆಟ್ಟಿಲಿನಲ್ಲಿ ಭಾರವಾಗುತ್ತದೆ. ಅದನ್ನೊಂದು ಬಿಡಿಸಿಬಿಟ್ಟರೆ ಅವರಿಗೂ ಹಗುರ. ಇದನ್ನು ಅವರಿಗೆ ವಿವರಿಸುವಾಗ ಇವರು ಏನೋ ಹೇಳಲು ಬಾಯಿ ತೆರೆದರು. ಮಾತು ಬಿಟ್ಟಿರುವುದು ನೆನಪಾಗಿ ಮುಚ್ಚಿಕೊಂಡರು.

ಗಾಡಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿದ್ದೇನೆ. ಈಗ ಅಡುಗೆಮನೆಗೆ ದಾರಿಯಿದೆ. ಅತ್ತೆ ಆದರೂ ಗಾಡಿ ಹತ್ತಿ ಇಳಿದೇ ಹೋಗುತ್ತಾರೆ.

ಜುಲೈ 1, ಸೋಮವಾರ

ಅಕ್ಕನ ಊರಿನ ಅಚ್ಚುಕೂಟಕ್ಕೆ ಇವತ್ತು ಸೇರಬೇಕಿತ್ತು. ಕಾಗದ ಬರೆದು ಹಾಕಿದ್ದೆ: ‘ಮನೆಯಲ್ಲಿ ಒಂದು ತೊಂದರೆಯಿದೆ. ಹನ್ನೆರಡು ವರ್ಷದಿಂದ ಬಿಗಿದುಕೊಂಡಿರುವುದು ಈಗಷ್ಟೇ ಸಡಿಲವಾಗುವ ಸೂಚನೆ ಕಾಣುತ್ತಿದೆ. ಇನ್ನು ನಾಲ್ಕು ವಾರ ಕಾಲಾವಕಾಶ ಬೇಕು.’ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಉತ್ತರ ಬಂದಿದೆ. ರೋಗಿ ಬೇಗ ಗುಣವಾಗಲಿ, ಅವಸರ ಬೇಡ, ದಿನಾ ಸ್ವಲ್ಪ ನಡೆದಾಡಿಸಿ ಎಂದು ವ್ಯವಸ್ಥಾಪಕರು ಕೈಯಾರೆ ಬರೆದಿದ್ದಾರೆ. ಈ ಕಾರ್ಡನ್ನೂ ಡಾಕ್ಟರೇ ಓದಿ ಕೊಟ್ಟರು. ಅವರಿಗೂ ಸಮಾಧಾನವಾದಂತೆ ಕಂಡಿತು.

ಜುಲೈ 4, ಗುರುವಾರ

ಎಂಜಿನ್ನಿನ ಹೆಡ್ಡು ಬಿಚ್ಚಿದೆ. ಒಳಗೆ ಪಿಸ್ಟನ್ ತುಕ್ಕಿನ ಪುಡಿಯ ನಡುವೆ ಹೂತುಹೋಗಿದೆ. ಅದರ ಮೇಲೆ ಎಣ್ಣೆ ತುಂಬಿಸಿ ನೆನೆಯಲು ಬಿಟ್ಟಿದ್ದೇನೆ.

ಹೆಡ್ಡಿನ ಒಂದು ವಾಲ್ವು ಅಂಟಿಕೊಂಡಿತ್ತು. ಬಿಸಿ ಮಾಡಿದರೆ ಬಿಡುತ್ತದೆ ಎಂದು ಇವರು ಗೋಡೆಗೆ ಹೇಳಿದರು, ನಾನು ಗೋಡೆಯಿಂದ ಕೇಳಿಸಿಕೊಂಡೆ. ಮನೆಯ ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ, ಹೆಡ್ಡು ಮುಳುಗಿಸಿ, ಒಲೆಯ ಮೇಲಿಟ್ಟು ಕರಡು ತಿದ್ದಲು ಕೂತೆ. ಹೋಗಿ ನೋಡುವಾಗ ಅತ್ತೆ ಸೌಟು ಹಿಡಿದು ನಿಂತಿದ್ದರು. ಉಪ್ಪು ಹಾಕಿದ್ದರು. ರುಚಿಗೆ ಇನ್ನೂ ಸಾಲದು ಎಂದರು. ಅತ್ತೆ, ಅದು ಎಂಜಿನ್ನಿನ ತಲೆ ಎಂದೆ. ತಲೆಯಾದರೆ ಇನ್ನೂ ಹೊತ್ತು ಬೇಯಬೇಕು ಎಂದರು.

ಇವರು ನಕ್ಕರು. ನಾನೂ ನಕ್ಕೆ. ಆಮೇಲೆ ಮಾತು ಬಿಟ್ಟಿದ್ದನ್ನು ಮುಂದುವರಿಸುವುದು ಸರಿಹೋಗಲಿಲ್ಲ. ಬಿಟ್ಟುಕೊಂಡ ವಾಲ್ವನ್ನು ಉಪ್ಪು ಹೋಗುವಂತೆ ಏಳು ಸಲ ನೀರಲ್ಲಿ ತೊಳೆದು ಒರೆಸಿದೆ.

ಜುಲೈ 6, ಶನಿವಾರ

ಅತ್ತೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅಂದರೆ ಅವರು ಹಿಂದಿನ ಸೀಟಿನಲ್ಲಿ, ನಾನು ಮುಂದಿನದರಲ್ಲಿ. ಅವರು ಮೆಲ್ಲಗೆ ಮಾತಾಡುತ್ತೇನೆ ಎಂದುಕೊಂಡು ಮನೆಯೆಲ್ಲ ಕೇಳುವ ಹಾಗೆ ಮಾತಾಡುತ್ತಾರೆ.

“ನೀನು ಹೋಗೋದಾದ್ರೆ ನನ್ನನ್ನೂ ಕರ್ಕೊಂಡು ಹೋಗು. ಇವನ ಹತ್ರ ನಾನೊಬ್ಬಳೇ ಇರಲ್ಲ. ಕಪಾಟಿಗೆ ಬಾಗಿಲೇ ಇಲ್ಲ.”

ನಿಮ್ಮ ಮಗ ತಾನೇ ಎಂದೆ. ಅದಕ್ಕೇ ಹೇಳುತ್ತಿರುವುದು ಎಂದರು.

ಜುಲೈ 9, ಮಂಗಳವಾರ

ಇವತ್ತು ಪಿಸ್ಟನ್ ಬಿಟ್ಟಿತು.

ಮರದ ತುಂಡನ್ನು ಅದರ ತಲೆಯ ಮೇಲಿಟ್ಟು ಸುತ್ತಿಗೆಯಿಂದ ತಟ್ಟುವುದು, ಎಣ್ಣೆ ಹಾಕುವುದು, ಕಾಯುವುದು, ಮತ್ತೆ ತಟ್ಟುವುದು. ಐದು ದಿನದಿಂದ ಇದೇ ಆಗಿತ್ತು. ಡಾಕ್ಟರು ಕೆಳಗಿನಿಂದ ಮೂರು ತಟ್ಟು ತಟ್ಟಿದರು. ಯಾರಿಗೋ ಹಲ್ಲು ಕೀಳುತ್ತಿದ್ದರು. ಒಂದು ಏಟು ಕೊಟ್ಟೆ. ಮರದ ತುಂಡು ಬೆರಳಿನ ದಪ್ಪದಷ್ಟು ಒಳಗಿಳಿಯಿತು. ಮೊದಲು ಮರ ಒಡೆಯಿತೇನೋ ಅಂದುಕೊಂಡೆ. ಕಿಕ್ಕರ್ ಮೇಲೆ ಕೈಯಿಟ್ಟು ಒತ್ತಿದೆ. ಅದು ಇಳಿಯಿತು. ಕೈಯಲ್ಲಿ ಒತ್ತಿದರೆ ಇಳಿಯಿತು!

ಇವರನ್ನು ಕರೆದೆ. ಇವರು ಕಾಲಿನಿಂದ ಒತ್ತಿ ನೋಡಿದರು. ಒಳಗೆ ಪಿಸ್ಟನ್ ಮೇಲೆ ಕೆಳಗೆ ಹೋಗುವುದನ್ನು ನಾವಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಇಣುಕಿ ನೋಡಿದೆವು. ಇವರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈಯಿಲ್ಲ. ನಾನು ಒರೆಸಿದೆ. ಆಮೇಲೆ ನೋಡಿದರೆ ಮುಖದ ತುಂಬ ನನ್ನ ಕೈಯ ಮಸಿ.

ಡಾಕ್ಟರು ಬಂದು, ಕೆಳಗೂ ಅದೇ ಏಟಿಗೆ ಬಂತು ಎಂದರು.

ಜುಲೈ 11, ಗುರುವಾರ

ಹಮಾಲರಿಗೆ ಈ ವಾರವೂ ಬೇಡ ಎಂದು ಹೇಳಿ ಕಳಿಸಿದೆ. ಪಿಸ್ಟನ್ನಿಗೆ ಹೊಸ ರಿಂಗು ಹಾಕದೆ ಕಳಿಸಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಯಾರ ಮನೆಗೇ ಹೋಗಲಿ, ಹಾಗೆ ಕಳಿಸುವುದು ತಪ್ಪು.

ಜುಲೈ 15, ಸೋಮವಾರ

ಪ್ಲಾಸ್ಟರ್ ತೆಗೆದರು. ಒಳಗಿನಿಂದ ಬಂದ ಕೈ ಇವರದೆನಿಸಲಿಲ್ಲ. ತೆಳ್ಳಗೆ, ಬಿಳಿಚಿಕೊಂಡು, ಯಾರೋ ಹುಡುಗನ ಕೈಯಂತಿದೆ. ಮಣಿಕಟ್ಟು ತಿರುಗುವುದಿಲ್ಲ. ಆಸ್ಪತ್ರೆಯವರು ತೋರಿಸಿಕೊಟ್ಟರು: ಸ್ವಲ್ಪ ಆ ಕಡೆ, ಅದಕ್ಕಿಂತ ಸ್ವಲ್ಪ ಕಡಿಮೆ ಈ ಕಡೆ, ನೋವಾದರೆ ನಿಲ್ಲಿಸಿ, ಮತ್ತೆ. ನನಗೆ ಗೊತ್ತಿರುವ ಕೆಲಸವೇ. ಎಣ್ಣೆ ಹಚ್ಚಲೇ ಎಂದು ಕೇಳಿದೆ, ಬೇಡ ಎಂದರು.

ಮನೆಗೆ ಬಂದು ಇವರ ಮುಂದೆ ಸೀಮೆಎಣ್ಣೆಯ ತಟ್ಟೆ, ಬ್ರಷ್ಷು, ಕಾರ್ಬ್ಯುರೇಟರಿನ ತುಣುಕುಗಳನ್ನು ಇಟ್ಟೆ. ಬೆರಳಿಗೆ ವ್ಯಾಯಾಮವಾಗುತ್ತದೆ. ಸಂಜೆಯವರೆಗೆ ಕೂತು ಒಂದೊಂದನ್ನೂ ತೊಳೆದರು. ಎಲ್ಲವನ್ನೂ. ಅರ್ಧಕ್ಕೆ ಎದ್ದು ಹೋಗಲಿಲ್ಲ. ಕೈಗೆ ಆಗುತ್ತಿರಲಿಲ್ಲವೇನೋ, ಏಳುವುದಕ್ಕೂ ಕೈ ಊರಬೇಕಲ್ಲ.

ಜುಲೈ 20, ಶನಿವಾರ

ಗಾಡಿ ಓಡಿತು. ಎಲ್ಲಿಗೆ ಎಂಬುದೇ ತೊಂದರೆ.

ಹೊಸ ರಿಂಗು ಹಾಕಿ ಎಂಜಿನ್ ಜೋಡಿಸಿ ಆಗಿತ್ತು. ಬೆಳಿಗ್ಗೆ ಹತ್ತಕ್ಕೆ ಪೆಟ್ರೋಲು ಹಾಕಿ ಕಿಕ್ಕರ್ ತುಳಿದೆ. ಹದಿನೆಂಟನೇ ಸಲಕ್ಕೆ ಎಂಜಿನ್ ಗುಡುಗಿತು. ನಡುಮನೆಯ ತುಂಬ ನೀಲಿ ಹೊಗೆ. ಗೋಡೆಯ ಮೇಲಿನ ಮುಳ್ಳಿಲ್ಲದ ಗಡಿಯಾರ ಕೆಳಗೆ ಬಿತ್ತು. ಅಚ್ಚುಕೂಟಕ್ಕೆ ಹೋಗಿಬರಲು ನಾನು ಸ್ಕೂಟರ್ ಓಡಿಸಿದವಳೇ, ಆದರೆ ಇದರ ಗೇರು ಬೇರೆ ತರಹ, ಕಾಲಿನದು. ನಾನು ಕ್ಲಚ್ಚು ಅದುಮಿ ಹಿಡಿದು ಕೂತಿದ್ದೆ. ಗೇರು ಬೀಳುತ್ತದೋ ಇಲ್ಲವೋ ನೋಡಲು ಇವರು ಕೆಳಗೆ ಕೂತು ತಮ್ಮ ಹೊಸ ಕೈಯಿಂದ ಒತ್ತಿದರು. ಅದೇ ಹೊತ್ತಿಗೆ ಅತ್ತೆ, ಅಡುಗೆಮನೆಯಲ್ಲಿ ನೀರು ಕುಡಿಯಲು ಹೊರಟವರು, ವಾಡಿಕೆಯಂತೆ ಹಿಂದಿನ ಸೀಟು ಹತ್ತಿದರು. ಕಿವಿ ಮಂದ, ಎಂಜಿನ್ ಓಡುತ್ತಿರುವುದು ಅವರಿಗೆ ತಿಳಿದಿಲ್ಲ. ಯಾರೋ ಹಿಂದಿನಿಂದ ಹೆಗಲು ಹಿಡಿದರೆಂದು ನಾನು ಬೆಚ್ಚಿ ಕ್ಲಚ್ಚು ಬಿಟ್ಟೆ.

ನಾವಿಬ್ಬರೂ ನಡುಮನೆ ದಾಟಿ, ಮಲಗುವ ಕೋಣೆಯ ಬಾಗಿಲು ದಾಟಿ, ಬಾಗಿಲಿಲ್ಲದ ಕಪಾಟಿನೊಳಗೆ ಹಾಸಿಗೆ ಬಟ್ಟೆಗಳ ಅಟ್ಟಿಗೆ ಹೋಗಿ ನಿಂತೆವು. ಬಾಗಿಲಿದ್ದಿದ್ದರೆ ಇವತ್ತು ನಮ್ಮಿಬ್ಬರ ಕೈಯೂ ಪ್ಲಾಸ್ಟರಿನಲ್ಲಿರುತ್ತಿತ್ತು. ಎಂಜಿನ್ ಆರಿತು. ಅತ್ತೆ ಸುತ್ತಲೂ ನೋಡಿದರು.

“ಇಷ್ಟು ಹತ್ತಿರಕ್ಕೆ ಇಷ್ಟು ದಿನ ರಿಪೇರಿ ಮಾಡಿದ್ಯಾ?”

ಇವರು ಓಡಿ ಬಂದರು. ಮೊದಲು ನನ್ನ ಮುಂಗೈಗಳನ್ನು ಹಿಡಿದು ತಿರುಗಿಸಿ ನೋಡಿದರು, ಆಮೇಲೆ ಅಮ್ಮನದನ್ನು, ಆಮೇಲೆ ಗಾಡಿಯದನ್ನು. ಕೆಳಗಿನಿಂದ ಡಾಕ್ಟರು ಅರ್ಧ ಬಾಯಿ ಮರಗಟ್ಟಿದ್ದ ಒಬ್ಬ ರೋಗಿಯ ಸಮೇತ ಬಂದರು. ಹೊಗೆ ಕೆಳಗೂ ಇಳಿದಿತ್ತಂತೆ. ಆ ರೋಗಿ ಕಪಾಟಿನೊಳಗಿದ್ದ ಗಾಡಿ ನೋಡಿ ಏನೋ ಹೇಳಿದರು, ಅರ್ಧ ಬಾಯಲ್ಲಿ, ಯಾರಿಗೂ ಅರ್ಥವಾಗಲಿಲ್ಲ.

ಜುಲೈ 22, ಸೋಮವಾರ

ಹಮಾಲರು ಹಲಗೆ ಹಾಕಿ ಗಾಡಿಯನ್ನು ಕೆಳಗಿಳಿಸಿದರು. ಬೀದಿಯಲ್ಲಿ ಎರಡು ಸುತ್ತು ಹಾಕಿದೆ. ಗೇರು ಹಿಡಿತಕ್ಕೆ ಬಂದಿದೆ.

ನಡುಮನೆ ಖಾಲಿ. ಎಣ್ಣೆಯ ಕಲೆ ಉಜ್ಜಿದರೂ ಹೋಗಲಿಲ್ಲ. ಬಹಳ ಉಜ್ಜಲಿಲ್ಲ.

ಜುಲೈ 27, ಶನಿವಾರ

ನಾಲ್ಕು ವಾರದ ಗಡುವು ಸೋಮವಾರಕ್ಕೆ ಮುಗಿಯುತ್ತದೆ. ಕಾಗದದಲ್ಲಿ ಹೇಳುವುದಕ್ಕಿಂತ ಎದುರಿಗೆ ಹೋಗಿ ಹೇಳುವುದು ಮರ್ಯಾದೆ ಎಂದು ಬೆಳಿಗ್ಗೆ ಗಾಡಿಯಲ್ಲೇ ಹೊರಟೆ. ಅಕ್ಕನ ಊರು ಎರಡು ಗಂಟೆಯ ದಾರಿ. ಇವರು ಹಿಂದೆ ಕೂತರು. ದಾರಿಯಲ್ಲಿ ಏನಾದರೂ ಸಡಿಲವಾದರೆ ಬೇಕಾಗುತ್ತಾರೆ.

ವ್ಯವಸ್ಥಾಪಕರು ಒಳ್ಳೆಯವರು. ರೋಗಿ ಹೇಗಿದ್ದಾರೆ ಎಂದು ಮೊದಲು ಕೇಳಿದರು. ಹೊರಗೆ ನಿಂತಿದೆ ಎಂದೆ. ಕಿಟಕಿಯಿಂದ ಇಣುಕಿದರು. ಗಾಡಿಯ ಪಕ್ಕದಲ್ಲಿ ಇವರು ನಿಂತಿದ್ದರಿಂದ, ತುಂಬ ಚೇತರಿಸಿಕೊಂಡಿದ್ದಾರೆ ಎಂದು ಸಂತೋಷಪಟ್ಟರು. ನಾನು ಈ ಊರಿಗೆ ಬಂದು ಇರಲಾಗುವುದಿಲ್ಲ ಎಂದು ಹೇಳಿದೆ. ಕಾರಣ ಕೇಳಿದರು. ಟೈಮಿಂಗ್ ಇನ್ನೂ ಸರಿಯಾಗಿ ಕೂತಿಲ್ಲ, ಸೈಲೆನ್ಸರಿಗೆ ತೂತಿದೆ, ಇಂಥದ್ದೇ ಏನೇನೋ ಹೇಳಿದೆ. ಅವರು ಗಲಿಬಿಲಿಯಾಗಿ, ಮೇಜಿನ ಮೇಲಿದ್ದ ಒಂದು ಕರಡು ಹಾಳೆಯನ್ನು ನನ್ನ ಮುಂದೆ ತಳ್ಳಿದರು. ನಿಂತಲ್ಲೇ ಹದಿನಾಲ್ಕು ತಪ್ಪು ಗುರುತು ಮಾಡಿ ಕೊಟ್ಟೆ. ಕರಡಿನ ಕಟ್ಟುಗಳನ್ನು ವಾರಕ್ಕೊಮ್ಮೆ ಬಸ್ಸಿನಲ್ಲಿ ಕಳಿಸಿದರೆ ಮನೆಯಲ್ಲೇ ತಿದ್ದಿ ಕೊಡುತ್ತೀರಾ ಎಂದರು. ಬಸ್ಸು ಯಾಕೆ, ನಾನೇ ಬಂದು ಒಯ್ಯುತ್ತೇನೆ ಎಂದೆ.

ಅಕ್ಕನ ಮನೆಯಲ್ಲಿ ಊಟ. ನನಗೆಂದು ಇಟ್ಟಿದ್ದ ಕೋಣೆ ತೋರಿಸಿದಳು. ಅದು ಬೇಡವಾಯಿತು ಎಂದು ಹೇಳಿದಾಗ ಅವಳಿಗೆ ಸಿಟ್ಟು ಬಂತು. ಯಾಕೆ ಮನಸ್ಸು ಬದಲಾಯಿಸಿದೆ ಎಂದು ಕೇಳಿದಳು. ಮನಸ್ಸೇನೂ ಬದಲಾಗಿಲ್ಲ, ಎಲ್ಲ ಹಾಗೇ ಇದೆ, ಕೆಲಸ ಉಳಿದಿದೆ ಅಷ್ಟೇ ಎಂದೆ. ಅವಳು ನನ್ನ ಉಗುರು ನೋಡುತ್ತ ಕೂತಳು.

ಹಿಂತಿರುಗುವಾಗ ಇಟ್ಟಿಗೆ ಗೂಡಿನ ತಿರುವಿನಲ್ಲಿ ಇವರು ನನ್ನ ಕಿವಿಯ ಹತ್ತಿರ ಬಾಗಿ ಏನೋ ಹೇಳಲು ಶುರುಮಾಡಿದರು. ಬಹಳ ಹೊತ್ತು ಹೇಳಿದರು. ಇಳಿಜಾರು ಮುಗಿಯುವವರೆಗೂ ಹೇಳುತ್ತಲೇ ಇದ್ದರು. ಸೈಲೆನ್ಸರಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಏನು ಅಂದಿರಿ ಎಂದು ಕೂಗಿದೆ. ಮನೆಗೆ ಹೋದ ಮೇಲೆ ಹೇಳುತ್ತೇನೆ ಎಂದರು. ಅದು ಮಾತ್ರ ಕೇಳಿಸಿತು.

ಮನೆಗೆ ಬಂದು ಕೇಳಿದೆ. ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ, ಮರೆತುಹೋಯಿತು ಎಂದರು.

ನಾಳೆ ಭಾನುವಾರ, ಇಬ್ಬರಿಗೂ ರಜೆ. ಬೆಳಿಗ್ಗೆ ಕರೆದುಕೊಂಡು ಹೋಗಿ ಆ ಗೂಡಿನ ತಿರುವಿನಲ್ಲಿ ಎಂಜಿನ್ ಆರಿಸಿ ನಿಲ್ಲಿಸುತ್ತೇನೆ. ನೆನಪಾಗುವವರೆಗೆ ಅಲ್ಲಿಂದ ಹೊರಡುವುದಿಲ್ಲ.